ಬಾಯ್ತುಂಬ ಎಂದರೆ ಎಷ್ಟು?

ಬ್ರೌಸರಿನಲ್ಲಿ ಸದ್ದಿನ ಅಳತೆ ಸೊನ್ನೆಯಿಂದ ಒಂದರವರೆಗೆ ಮಾತ್ರ. ಸೊನ್ನೆ ಎಂದರೆ ಮೌನ, ಒಂದು ಎಂದರೆ ಪೂರ್ತಿ ಗಂಟಲು. ಕಡೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತ, ಈಚೆಗೆ ವೆಬ್‌ಪುಟದ ಪತ್ರಿಕೆಯನ್ನೂ ಮಾಡಿಕೊಡುವ ನನಗೆ ಇದು ಗೊತ್ತು. ಗೊತ್ತಿದ್ದೂ ಕೆಟ್ಟೆ. ಈ ಅಳತೆ ಗೊತ್ತುಮಾಡಿದ ಪುಣ್ಯಾತ್ಮರು ಶಿವನಿ ಊರಿನ ನಮ್ಮ ಮಾವನನ್ನು ಕಂಡವರಲ್ಲ.

ಮಾವ ತೋಟದ ಬದುವಿನಲ್ಲಿ ನಿಂತು ಗುಟ್ಟು ಹೇಳಿದರೆ, ಸ್ಟೇಷನ್ನಿನಲ್ಲಿ ರೈಲಿಗೆ ಕಾದವರು ತಲೆಯಾಡಿಸುತ್ತಾರೆ. ಇಂಥವರು ತರೀಕೆರೆಯ ತಂಗಿ, ಅಂದರೆ ನನ್ನ ಚಿಕ್ಕಮ್ಮನ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು. ಕಾರಣ ಇಬ್ಬರಿಗೂ ಮರೆತಿದೆ. ಸಿಟ್ಟು ಮಾತ್ರ ನೆನಪಿದೆ. ಈಗ ಮಾವನ ಮಗಳ ಮದುವೆ. ಸೋದರತ್ತೆ ಬಾರದೆ ಹಸೆಗೆ ಕಳೆಯಿಲ್ಲ, ಹೋಗಿ ಕರೆಯಲು ಬಿಗುಮಾನ. ಅದಕ್ಕೇ ನನ್ನ ಅಂಗಡಿಗೆ ಬಂದು, "ತಂಗೀ, ಎಲ್ರೂ ಬರ್ಬೇಕು ಕಣವ್ವಾ" ಎಂದು ದನಿ ರೆಕಾರ್ಡು ಮಾಡಿಸಿದರು. ಪುಟದಲ್ಲಿ ಅವರು ಕೈ ಮುಗಿದ ಫೋಟೋ ಹಾಕಿದೆ. ಅದನ್ನು ಮುಟ್ಟಿದರೆ ದನಿ ಬರಬೇಕು.

"ಸೌಂಡ್ ಎಷ್ಟಿಟ್ಟೆ?"

"ಒಂದು, ಮಾವ."

"ಒಂದಾ? ಬಾಯ್ತುಂಬ ಕರೀಬೇಕು ಕಣೋ! ಹತ್ತು ಇಡು."

ನಮ್ಮ ಸೀಮೆಯಲ್ಲಿ ಪತ್ರಿಕೆ ಕೊಟ್ಟರೆ ಸಾಲದು, ಬಾಯ್ತುಂಬ ಕರೆಯಬೇಕು. ಬಾಯ್ತುಂಬ ಎಂದರೆ ಎಷ್ಟು ಎಂದು ಯಾವ ವೈಯಾಕರಣಿಯೂ ಬರೆದಿಟ್ಟಿಲ್ಲ. ಒಂದೇ ಪೂರ್ತಿ ಎಂದು ವಿವರಿಸಿದೆ. "ಜುಗ್ಗತನ ಮಾಡ್ಬೇಡ" ಎಂದರು. ಹಿರಿಯರ ಮಾತು ಮೀರಬಾರದೆಂದು ಹತ್ತು ಬರೆದು, ಒಮ್ಮೆಯೂ ಕೇಳಿ ನೋಡದೆ ಕಳಿಸಿಬಿಟ್ಟೆ. ಬ್ರೌಸರಿಗೆ ಹಿರಿಯರ ಹಂಗಿಲ್ಲ. ಒಂದನ್ನು ಮೀರಿದರೆ ಅದು ಜೋರಾಗುವುದಿಲ್ಲ; ತಪ್ಪು ಎಂದು ಒಳಗೇ ಗೊಣಗಿ ಬಾಯಿ ಮುಚ್ಚಿಕೊಳ್ಳುತ್ತದೆ.

ಚಿಕ್ಕಮ್ಮ ಫೋಟೋ ಮುಟ್ಟಿದರಂತೆ, ಒತ್ತಿದರಂತೆ, ಕಿವಿಗೂ ಹಿಡಿದರಂತೆ. ಆಮೇಲೆ ನನಗೆ ಫೋನು: "ಫೋಟೋದಲ್ಲೂ ಮಾತಾಡ್ಸಲ್ವಲ್ಲೋ ನಿಮ್ಮಾವ! ನಾನು ಬರಲ್ಲ ಅಂತ ಹೇಳು."

ತಕ್ಷಣ ಹತ್ತನ್ನು ಒಂದು ಮಾಡಿದೆ. ಆದರೆ ಮುಟ್ಟದೆ ಸದ್ದು ಮಾಡಬಾರದೆಂಬುದೂ ಬ್ರೌಸರಿನ ಕಟ್ಟಳೆ, ಚಿಕ್ಕಮ್ಮ ಇನ್ನು ಆ ಫೋಟೋ ಮುಟ್ಟುವವರಲ್ಲ. ಮದುವೆ ಮನೆಯನ್ನೇ ಒಡೆದೆನಲ್ಲ ಎಂದು ಸಂಕಟವಾಯಿತು. ಶಿವನಿ ಊರಿಗೆ ಹೋಗಿ, ಮಾವನನ್ನು ಬಲವಂತವಾಗಿ ಬೈಕಿಗೆ ಹತ್ತಿಸಿಕೊಂಡು ತರೀಕೆರೆಗೆ ಹೊರಟೆ. ದಾರಿಯುದ್ದಕ್ಕೂ ಅವರು ನನ್ನ ವಿದ್ಯೆಯನ್ನು ಹತ್ತರ ದನಿಯಲ್ಲೇ ಹಳಿದರು.

ಬಾಗಿಲಲ್ಲಿ ತಂಗಿಯನ್ನು ಕಂಡದ್ದೇ ತಡ, ಮಾವ ಫೋಟೋದಲ್ಲಿದ್ದಂತೆಯೇ ಕೈ ಮುಗಿದರು. "ಬಾರವ್ವಾ" ಎಂದರು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಬ್ರೌಸರಿನ ಅಳತೆಯಲ್ಲಿ ಪಾಯಿಂಟ್ ಒಂದೂ ಇದ್ದಿರಲಾರದು.

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗಿದ್ದ ಚಿಕ್ಕಪ್ಪನಿಗೆ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಏನ್ರೀ, ಬಟ್ಟೆ ತುಂಬ್ಕೊಳ್ರೀ! ನಮ್ಮಣ್ಣ ಬಾಯ್ತುಂಬ ಕರ್ದ ಕಣ್ರೀ!"