ಸುದ್ದಿಗಿಂತ ಮುಂಚೆ ಬಂದ ಹಾಲು

ಆಂಡರ್ಸನ್‌ಪೇಟೆಯ ನಮ್ಮ ಆಫೀಸಿನಲ್ಲಿ ಒಂದು ಮಾತು ಮಂತ್ರದಂತೆ ನಡೆಯುತ್ತಿತ್ತು: ಕಂಪ್ಯೂಟರಿಗೆ ಏನು ಬೇಕೆಂದು ಹೇಳಿ ಸಾಕು, ಹೇಗೆ ಮಾಡಬೇಕೆಂದು ಹೇಳಬೇಡಿ. ನಿಯಮ ಬರೆದರೆ ಮುಗಿಯಿತು. ಯಾವ ಊರಿನ ಯಂತ್ರ ಯಾವುದಕ್ಕೆ ಯಾವಾಗ ಸುದ್ದಿ ಕಳಿಸಬೇಕೆಂಬುದನ್ನೆಲ್ಲ ಪ್ರೋಗ್ರಾಮಿಂಗ್ ಭಾಷೆಯೇ ನೋಡಿಕೊಳ್ಳುತ್ತದೆ. ಇದನ್ನು ಹೇಳುವಾಗ ನಮ್ಮ ತಂಡ ನಡೆಸುತ್ತಿದ್ದ ಹಿರಿಯರ ಮುಖದಲ್ಲಿ ಮೂಡುತ್ತಿದ್ದ ಕಳೆ ನೆನೆದರೆ ಈಗಲೂ ವಾಕರಿಕೆ ಬರುತ್ತದೆ.

ಬಂಗಾರಪೇಟೆ ಸುತ್ತಿನ ಹಾಲಿನ ಸಂಘಗಳಿಗೆ ನಾವು ಆ ಭಾಷೆಯಲ್ಲೇ ವ್ಯವಸ್ಥೆ ಕಟ್ಟಿದೆವು. ಹಳ್ಳಿಯಲ್ಲಿ ಹಾಲಿನ ಪರೀಕ್ಷೆಯಾಗಬೇಕು. ಪಾಸಾದ ಸುದ್ದಿ ಅಲ್ಲಿನ ಕಂಪ್ಯೂಟರಿನಿಂದ ಪೇಟೆಯ ಶೀತಲ ಕೇಂದ್ರಕ್ಕೆ ಬರಬೇಕು. ಹಿರಿಯರು ಬರೆದ ನಿಯಮ ಒಂದೇ ಸಾಲು: ಪಾಸಾದ ಸುದ್ದಿ ಇಲ್ಲದ ಹಾಲು ಕೆಟ್ಟ ಹಾಲು.

ನಾನು ತಕರಾರು ತೆಗೆದೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಉತ್ತರ ಕೊಡದಿದ್ದರೆ ಸೋತಂತೆ, ಸರಿ. ಇಲ್ಲಿ ಸುದ್ದಿ ಇಲ್ಲದಿರುವುದು ಬೇರೆ, ಇನ್ನೂ ಬಾರದಿರುವುದು ಬೇರೆ. ಒಂದೇ ಯಂತ್ರವಿದ್ದರೆ ಎರಡೂ ಒಂದೇ ಆದೀತು, ಊರೂರಿಗೆ ಹಂಚಿದ ಮೇಲೂ ಒಂದೇ ಹೇಗಾಗುತ್ತದೆ? ಸುದ್ದಿಗಾಗಿ ಕಾಯಲು ಯಂತ್ರಕ್ಕೆ ಹೇಳಿ ಎಂದೆ. ಅವರು ನಕ್ಕರು. ಕಾಯುವುದು ‘ಹೇಗೆ’ ಅನ್ನುವುದಕ್ಕೆ ಸೇರಿದ್ದಂತೆ. ಸಾಲಿನ ಚಂದ ಕೆಡುತ್ತದಂತೆ.

ನಮ್ಮ ಕಡೆಯ ಟೆಂಪೋದವರು ರೈಲ್ವೆ ಗೇಟು ಬೀಳುವ ಮೊದಲು ದಾಟಬೇಕೆಂದು ಕ್ಯಾನು ಏರಿಸಿದ್ದೇ ತಡ ಹೊರಟುಬಿಡುತ್ತಾರೆ. ಹಳ್ಳಿಯ ನೆಟ್‌ವರ್ಕ್ ಸಿಗ್ನಲ್ಲೋ, ಬಂದರೆ ಬಂತು. ವ್ಯವಸ್ಥೆ ಶುರುವಾದ ಬೆಳಿಗ್ಗೆ ಹಿರಿಯರೂ ನಾನೂ ಶೀತಲ ಕೇಂದ್ರದಲ್ಲಿ ನಿಂತಿದ್ದಾಗ ನಮ್ಮೂರ ಹಾಲು ಸುದ್ದಿಗಿಂತ ಮುಂಚೆ ಬಂತು.

ಜೊತೆಗೆ ನನ್ನ ದೊಡ್ಡಮ್ಮನೂ ಬಂದಿದ್ದಳು. ಮನೆಮನೆ ಅಲೆದು, ಹೆಂಗಸರನ್ನು ಒಪ್ಪಿಸಿ ಸಂಘ ಕಟ್ಟಿದವಳು ಅವಳೇ. ಕಂಪ್ಯೂಟರ್ ಕೆಂಪು ತೋರಿಸಿತು. ಕೆಂಪಾದರೆ ಚೆಲ್ಲಬೇಕೆಂದು ಅಪ್ಪಣೆಯಿತ್ತು. ತಾನೇ ಮುಂದೆ ನಿಂತು ಪರೀಕ್ಷೆ ಮಾಡಿಸಿದ್ದೇನೆಂದು ಅವಳು ಹೇಳುತ್ತಿದ್ದಂತೆಯೇ ಊರ ಹಾಲೆಲ್ಲ ಮೋರಿ ಸೇರಿತು. ಕಪ್ಪು ಕೊಚ್ಚೆಯ ಮೇಲೆ ಬಿಳಿ ನೊರೆ, ಅದರ ಮೇಲೆ ನೊಣ. ಕೊನೆಯ ಕ್ಯಾನು ಬಗ್ಗಿಸುವಾಗ ಹಳ್ಳಿಯ ಸುದ್ದಿ ತಲುಪಿತು, ಕೆಂಪು ಹೋಗಿ ಹಸಿರು ಬಂತು.

“ನೋಡಪ್ಪಾ, ಕೊನೆಗೆ ಎಲ್ಲಾ ಯಂತ್ರಗಳೂ ಒಪ್ಪಿಕೊಂಡವು,” ಎಂದರು ಹಿರಿಯರು. ಖುಷಿಯಿಂದಲೇ ಎಂದರು.

“ಏನ್ಲಾ ಅದು, ಅಸ್ರು?” ದೊಡ್ಡಮ್ಮ ನನ್ನನ್ನು ಕೇಳಿದಳು.

“ಹಾಲು ಚೆನ್ನಾಗೈತೆ ಅಂತ, ದೊಡ್ಡಮ್ಮ.”

“ಅಂಗಾರೆ ಓಗಿ ಮೋರಿಗೆ ಯೋಳು.”

ನಿಯಮದಲ್ಲಿ ತಪ್ಪಿಲ್ಲ, ಟೆಂಪೋ ಆತುರ ಮಾಡಿತು ಎಂದು ಹಿರಿಯರು ವಿವರಿಸತೊಡಗಿದರು. ಹಾಲು ಸುದ್ದಿಗೆ ಕಾಯಬೇಕಂತೆ, ಸುದ್ದಿಗೆ ಯಂತ್ರ ಕಾಯಬಾರದಂತೆ! ದೊಡ್ಡಮ್ಮ ಅರ್ಧಕ್ಕೇ ತಡೆದಳು.

“ಅದ್ನೆಲ್ಲ ಊರಾಗೆ ಬಂದು ಯೋಳು ಸಾಮಿ. ಕೆಟ್ಟಾಲು ಕಳ್ಸಿದ್ಲು ಅಂತ ನನ್ ಮಕಕ್ಕೆ ಉಗೀತಾರೆ.”

ಅವರಿಗೆ ಮೀಟಿಂಗ್ ಇತ್ತು. ಟೆಂಪೋ ಹತ್ತಿದವನು ನಾನು.

ಊರಲ್ಲಿ ಹೆಂಗಸರು ಸಂಘದ ಕಟ್ಟೆಯ ಮೇಲೆ ಸೇರಿದ್ದರು. ಹಾಲು ಚೆಲ್ಲಿದ ಸುದ್ದಿ ಆಗಲೇ ಫೋನಿನಲ್ಲಿ ಬಂದಿತ್ತು. ಒಬ್ಬಳು ಟೆಂಪೋದಲ್ಲಿ ವಾಪಸು ಬಂದ ಖಾಲಿ ಕ್ಯಾನಿನ ಮುಚ್ಚಳ ತೆಗೆದು ಒಳಗೆ ಮೂಗಿಟ್ಟು ಮೂಸಿದಳು. ಹುಳಿ ವಾಸನೆ ಇಲ್ಲವೆಂದು ಪಕ್ಕದವಳಿಗೆ ದಾಟಿಸಿದಳು. ಅವಳೂ ಮೂಸಿದಳು. ಕ್ಯಾನು ಕಟ್ಟೆಯ ಕೊನೆ ಮುಟ್ಟುವ ಹೊತ್ತಿಗೆ ಯಾರೂ ದೊಡ್ಡಮ್ಮನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲಿತ್ತು.