ಗಾಳಿಗೆ ಅಡ್ಡ ಹಿಡಿದ ಸೆರಗು

ಮಧುಗಿರಿಯಲ್ಲಿ ನಮ್ಮದು ಕ್ಯಾಥೊಲಿಕ್ ಮನೆ, ಪಕ್ಕದ ಮನೆಯಾಕೆ ಪ್ರೊಟೆಸ್ಟೆಂಟ್. ಅಮ್ಮ ಹಾಸಿಗೆ ಹಿಡಿದ ಮೇಲೆ ಆಕೆ ದಿನಾ ಬೆಳಿಗ್ಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಮ್ಮನ ಮೈ ಒರೆಸಿ ತಲೆ ಬಾಚುತ್ತಿದ್ದರು.

"ಈ ಪುಣ್ಯವೇ ನಿನ್ನ ಸ್ವರ್ಗಕ್ಕೆ ಕರ್ಕೊಂಡೋಯ್ತದೆ ಕಣಮ್ಮ," ಎನ್ನುತ್ತಿದ್ದಳು ಅಮ್ಮ.

"ಪುಣ್ಯದಿಂದ ಏನೂ ಆಗಲ್ಲ ಕಣಕ್ಕ. ಯೇಸುಸ್ವಾಮಿನ ನಂಬಿದೀನಿ, ಅಷ್ಟೇ ಸಾಕು."

"ಮತ್ತೆ ದಿನಾ ಯಾಕ್ ಬತ್ತೀಯ?"

"ನಿನ್ ತಲೆ ಸಿಕ್ಕು ಬುಡ್ಸೋರ್ ಯಾರು?"

ವಾದ ಅಲ್ಲಿಗೆ ನಿಲ್ಲುತ್ತಿತ್ತು, ಬಾಚಣಿಗೆ ನಿಲ್ಲುತ್ತಿರಲಿಲ್ಲ.

ಅಮ್ಮ ತೀರಿಕೊಂಡ ವರ್ಷ, ಸತ್ತವರಿಗಾಗಿ ನಾವು ಪ್ರಾರ್ಥಿಸುವ ನವೆಂಬರಿನ ಆ ದಿನ, ಆಕೆಯೂ ನನ್ನೊಂದಿಗೆ ಸಮಾಧಿಗೆ ಬಂದರು. "ಸತ್ತೋರ್ಗೆ ನಮ್ ಪ್ರಾರ್ಥನೆ ಬೇಕಾಗಿಲ್ಲ ಕಣಮ್ಮ," ಎಂದು ತುಟಿ ಬಿಗಿದು ನಿಂತರು. ಆದರೆ ಬೆಟ್ಟದ ಕಡೆಯ ಗಾಳಿಗೆ ನನ್ನ ಮೇಣದಬತ್ತಿ ಆರದಂತೆ, ನನ್ನ ಪ್ರಾರ್ಥನೆ ಮುಗಿಯುವವರೆಗೂ ಸೆರಗು ಅಡ್ಡ ಹಿಡಿದಿದ್ದರು.

ಈಗ ಆಕೆಯೂ ಇಲ್ಲ. ಈ ನವೆಂಬರಿನಲ್ಲಿ ಆಕೆಯ ತವರೂರು ಶಿರಾಕ್ಕೆ, ಆಕೆಯ ಸಮಾಧಿಗೆ ಹೋದೆ. ಆಕೆಗೆ ಬೇಡವೆಂದು ಗೊತ್ತಿದ್ದೂ ಮೇಣದಬತ್ತಿ ಹಚ್ಚಲು ಹೋದೆ. ಕಡ್ಡಿ ಗೀರಿದಷ್ಟು ಸಲವೂ ಗಾಳಿಗೆ ಆರಿತು. ಬೇಡ ಕಣಮ್ಮ ಎಂದು ಬಯ್ಯುತ್ತಲೇ ಸೆರಗು ಹಿಡಿಯುವವರು ಪಕ್ಕದಲ್ಲಿರಲಿಲ್ಲ.