ಗುಂಡಿಗೆ ಇಳಿಸಿದ ದೀಪ

ದೀಪ ಉರಿಯುತ್ತಿತ್ತು. ಕೇಳಿದವರಿಗೆಲ್ಲ ನನ್ನ ಸೋದರಮಾವ ಇವತ್ತಿಗೂ ಹೇಳುವುದು ಇದೊಂದೇ ಮಾತು. ಉರಿಯುತ್ತಿದ್ದದ್ದು ನಿಜ. ಆದರೂ ಆ ಮಾತು ಕಿವಿಗೆ ಬಿದ್ದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಮಾವನದು ಮುಂಬೈಯ ಅಂಚಿನ ದಹಿಸರ್ ದಾಟಿ, ಹೆದ್ದಾರಿಯಿಂದ ಒಳಗಿರುವ ಹಳ್ಳಿಯೊಂದರಲ್ಲಿ ಪುಟ್ಟ ಹೋಟೆಲು. ಮುಂದೆ ಊಟ-ತಿಂಡಿ, ಹಿಂದೆ ಬಾಡಿಗೆಗೆ ಕೆಲವು ರೂಮು. ವಾರದ ಕೊನೆಗೆ ಅಂಧೇರಿ, ದಾದರ್ ಕಡೆಯ ಸಂಸಾರಗಳು ಹಳ್ಳಿಯ ಗಾಳಿ ಕುಡಿಯಲು ಕಾರಿನಲ್ಲಿ ಬರುತ್ತವೆ. ಅಂಧೇರಿಯ ಆಫೀಸಿನಲ್ಲಿ ಕೆಲಸ ಮಾಡುವ ನಾನು ರಜೆಯ ದಿನ ಗಲ್ಲಾದಲ್ಲಿ ಕೂರಲು ಹೋಗುತ್ತಿದ್ದೆ.

ಅಲ್ಲಿಗೆ ನಲ್ಲಿ ನೀರಿಲ್ಲ. ಬೋರ್‌ವೆಲ್ ತೋಡಿಸಿದರೆ ಬಂದದ್ದು ಉಪ್ಪುನೀರು. ಟ್ಯಾಂಕರ್ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಅದಕ್ಕೇ ಕೆಲಸದವರ ಸ್ನಾನಕ್ಕೆ ತಲೆಗೆ ಅರ್ಧ ಬಾಲ್ದಿ ಎಂದು ಮಾವ ಕಟ್ಟು ಮಾಡಿದ್ದರು. ಯಾರಾದರೂ ಒಂದು ಚೊಂಬು ಹೆಚ್ಚು ಸುರಿದುಕೊಂಡರೆ ಬಚ್ಚಲಿನ ಹೊರಗಿನಿಂದಲೇ, "ಎಂಥ, ಗಂಗಾಸ್ನಾನವಾ?" ಎಂದು ಕೂಗುತ್ತಿದ್ದರು.

ಹೋಗುವ ನೀರಿಗೆ ಮಾತ್ರ ಯಾವ ಕಟ್ಟೂ ಇರಲಿಲ್ಲ. ಅಡುಗೆಮನೆಯ ಎಣ್ಣೆನೀರು, ರೂಮುಗಳ ಸಂಡಾಸು, ಎಲ್ಲವೂ ಹಿತ್ತಲಿನ ಒಂದೇ ಗುಂಡಿಗೆ. ಅದನ್ನು ಖಾಲಿ ಮಾಡಲು ಪೈಪಿನಿಂದ ಹೀರುವ ಲಾರಿ ಬರುತ್ತಿತ್ತು. ಮಾವ ಅದೇ ದಾರಿಗೆ ಅಡ್ಡವಾಗಿ ಗಿರಾಕಿಗಳಿಗೆಂದು ತಗಡಿನ ಶೆಡ್ಡು ಹಾಕಿಸಿದರು. ಅಂದಿನಿಂದ ಲಾರಿ ಬರುವುದು ನಿಂತಿತು. ಗುಂಡಿ ತುಂಬುತ್ತಲೇ ಇತ್ತು.

ಒಂದು ಶನಿವಾರ ಬೆಳಿಗ್ಗೆ ರೂಮಿನ ಸಂಡಾಸಿನಲ್ಲಿ ಕೊಳೆನೀರು ಮೇಲೆ ಬಂತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿಬಂದರು. ಗುಂಡಿಯಿಂದ ಹೊರಹೋಗುವ ಪೈಪು ಕಟ್ಟಿಕೊಂಡಿದೆ, ಒಳಗಿಳಿದು ಸಲಾಕೆಯಿಂದ ಚುಚ್ಚಿದರೆ ಸಾಕು ಎಂದು ಮಾವ ತೀರ್ಮಾನಿಸಿದರು. ಇಳಿಯಬೇಕಾದವನು ಶೆಡ್ಡಿನ ಗಾರೆ ಕೆಲಸಕ್ಕೆ ಬಂದು ಅಲ್ಲೇ ಉಳಿದಿದ್ದ ಯಾದಗಿರಿ ಕಡೆಯವನು. ನನ್ನದೇ ವಯಸ್ಸು.

"ನಾ ಗಾರಿ ಕೆಲಸದಾಂವ ಅದೀನ್ರೀ ಸೇಠ್ರ. ಇದು ನನಗ ಗೊತ್ತಿಲ್ರೀ," ಎಂದ.

"ಗೊತ್ತಾಗ್ಲಿಕ್ಕೆ ಎಂಥ ಉಂಟು? ಇಳಿಯುವುದು, ಹತ್ತುವುದು."

ನಾನು ಹೇಳಿದೆ: "ಲಾರಿ ತರಿಸಿ ಮಾವ. ಶೆಡ್ಡಿನ ಒಂದು ಬದಿ ಬಿಚ್ಚಿಸಿದರಾಯಿತು."

"ಇವತ್ತು ಶನಿವಾರ ಮಾರಾಯ! ಗಿರಾಕಿಗಳನ್ನು ಎಲ್ಲಿ ಕೂರಿಸುವುದು, ನಿನ್ನ ಡಿಗ್ರಿ ಸರ್ಟಿಫಿಕೇಟಿನ ಮೇಲಾ?"

ಆಮೇಲೆ ಅವರಿಗೆ ಊರಿನ ಬಾವಿ ನೆನಪಾಯಿತು. ನಮ್ಮ ಉಡುಪಿ ಕಡೆ ಹಳೆ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಒಳಗೆ ಗಾಳಿಯಿಲ್ಲ, ಇಳಿಯಬಾರದು. ಉರಿದರೆ ಇಳಿಯಬಹುದು. ಮಾವ ಗಲ್ಲಾದ ಮೇಲಿನ ದೇವರ ಮುಂದಿದ್ದ ಹಣತೆಯನ್ನೇ ತಂದು, ಬಾಲ್ದಿಯೊಳಗಿಟ್ಟು, ಹಗ್ಗದಲ್ಲಿ ಗುಂಡಿಗೆ ಇಳಿಸಿದರು.

"ಓಹೋ, ಸಂಡಾಸಿಗೆ ಮಂಗಳಾರತಿ!" ಎಂದು ಅಡುಗೆಯವನು ನಕ್ಕ. ಸುತ್ತ ನಿಂತವರೂ ನಕ್ಕರು.

ದೀಪ ಉರಿಯುತ್ತಲೇ ಇತ್ತು. "ಕಂಡಿರಾ?" ಎಂದರು ಮಾವ. ಅವರು ನಾಟಕವಾಡುತ್ತಿರಲಿಲ್ಲ, ನಿಜವಾಗಿ ನಂಬಿದ್ದರು.

ಬಾವಿಯ ಬುದ್ಧಿ ಬಾವಿಗೆ. ಕೊಳೆಯನ್ನು ಕಲಕಿದಾಗ ಏಳುವ ವಿಷಕ್ಕೆ ದೀಪ ಆರಬೇಕೆಂದಿಲ್ಲ. ಅಲ್ಲಿ ಹುಟ್ಟುವ ಇನ್ನೊಂದು ಗ್ಯಾಸು ಆ ದೀಪದಿಂದಲೇ ಸಿಡಿಯಬಹುದಿತ್ತು. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಈಗ ಲೋಕಲ್ ರೈಲಿನಲ್ಲಿ ನಿಂತಿರುವಾಗ ಇದ್ದಕ್ಕಿದ್ದಂತೆ ಆ ಗುಂಡಿಯ ಬಾಯಿ, ಅದರ ಸುತ್ತ ಬಗ್ಗಿದ ನಮ್ಮ ತಲೆಗಳು ಕಣ್ಣಿಗೆ ಬರುತ್ತವೆ. ಇಳಿಯಬೇಕಾದ ಸ್ಟೇಷನ್ ದಾಟಿಹೋಗುತ್ತದೆ.

ಯಾದಗಿರಿಯವನು ಏಣಿಯಲ್ಲಿ ಇಳಿದ. ಕಸ ಎತ್ತಲೆಂದು ದೀಪ ತೆಗೆದ ಬಾಲ್ದಿಯನ್ನೂ ಒಯ್ದಿದ್ದ; ಸಲಾಕೆ ಹಿಡಿಯಲು ಎರಡೂ ಕೈ ಬೇಕೆಂದು ಅದರ ಹಗ್ಗದ ಕೆಳತುದಿಯನ್ನು ಸೊಂಟಕ್ಕೆ ಬಿಗಿದುಕೊಂಡಿದ್ದ, ಮೇಲಿನ ತುದಿ ನಮ್ಮ ಕಾಲ ಬಳಿ ಇತ್ತು. ಚುಚ್ಚಿದ. ಪೈಪಿನ ಬಾಯಲ್ಲಿ ಏನೋ ಕಳಚಿ ಗುಳಗುಳ ಸದ್ದಾಯಿತು. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಬಾಯಿ ತೆರೆದ, ಮಾತು ಬರಲಿಲ್ಲ. ಊಟಕ್ಕೆ ಕೂರುವವನಂತೆ ಮೆಲ್ಲನೆ ಆ ಕೊಳೆಯಲ್ಲಿ ಕುಸಿದ.

ಅಡುಗೆಯವನು ಹಾರಲು ಹೋದ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. "ಹಗ್ಗ! ಹಗ್ಗ ಎಳಿ!" ಎಂದು ಕಿರುಚಿದೆ. ಎಲ್ಲರೂ ಸೇರಿ ಎಳೆದೆವು. ಅವನ ಜೀವಕ್ಕೆ ಕಾವಲಾಗಿ ನಾವು ಯಾರೂ ಕಟ್ಟದ ಆ ಹಗ್ಗವೊಂದು ಇಲ್ಲದಿದ್ದರೆ ಮುಂದೆ ಹೇಳಲು ಏನೂ ಇರುತ್ತಿರಲಿಲ್ಲ.

ಮೇಲೆ ಬಂದ ಅವನ ತುಟಿ ನೀಲಿಯಾಗಿತ್ತು. ಉಸಿರು ಸಿಕ್ಕಿಸಿಕ್ಕಿ ಬರುತ್ತಿತ್ತು. ರಿಕ್ಷಾ ಬಾಗಿಲಲ್ಲೇ ಇತ್ತು. ಮಾವ ತಡೆದರು. "ಹೀಗೇ ಕರ್ಕೊಂಡು ಹೋಗ್ಲಿಕ್ಕಾಗ್ತದಾ?" ಎಂದು ಟ್ಯಾಂಕರ್ ನೀರಿನ ಪೈಪು ಹಿಡಿದು ಅವನ ಮೇಲೆ ಬಿಟ್ಟರು. ಚೊಂಬಿನ ಲೆಕ್ಕ ಇಡುತ್ತಿದ್ದ ಮನುಷ್ಯ ಹಿತ್ತಲೆಲ್ಲ ಹೊಳೆ ಹರಿಸಿದರು. ಸೋಪು ಹಚ್ಚಿಸಿದರು. ಬೇರೆ ಅಂಗಿ ತೊಡಿಸಿದರು. ನಾನು ರಿಕ್ಷಾದಿಂದ ಕೂಗುತ್ತಲೇ ಇದ್ದೆ.

ಯಾಕೆ ತೊಳೆದರೆಂದು ಗೊತ್ತಾದದ್ದು ಹತ್ತಿರದ ದವಾಖಾನೆಯ ಡಾಕ್ಟರ ಎದುರಿಗೆ.

"ಟಾಂಕಿ ಮೇ ಗಿರ್ ಗಯಾ ಸಾಬ್," ಎಂದರು ಮಾವ. ಟಾಂಕಿಗೆ ಬಿದ್ದನಂತೆ! ಮುಂಬೈಯಲ್ಲಿ ಕುಡಿಯುವ ನೀರು ತುಂಬಿಡುವುದೂ ಟಾಂಕಿ, ಸಂಡಾಸಿನದು ಸೇರುವುದೂ ಟಾಂಕಿ.

"ಪಾನೀ ಕೀ ಟಾಂಕಿ?" ಎಂದು ಡಾಕ್ಟರ್ ಕೇಳಿದರು.

"ಹಾಂ, ಹಾಂ. ಪಾನೀ ಕೀ."

ಡಾಕ್ಟರು ನೀರು ಕುಡಿದವನಿಗೆ ಮಾಡುವ ಉಪಚಾರಕ್ಕೆ ತೊಡಗಿದರು. ಮೇಜಿನ ಕೆಳಗೆ ಮಾವನ ಕಾಲು ನನ್ನ ಕಾಲನ್ನು ಒತ್ತಿತು.

"ಸಂಡಾಸ್ ಕೀ ಟಾಂಕಿ," ಎಂದೆ ನಾನು. "ಗ್ಯಾಸ್ ಲಗಾ ಹೈ."

ಡಾಕ್ಟರ್ ಒಂದು ಕ್ಷಣ ಮಾವನ ಮುಖ ನೋಡಿದರು. ಮರುಕ್ಷಣವೇ ಅವನ ಮೂಗಿಗೆ ಆಕ್ಸಿಜನ್ ಏರಿಸಿ, ಆಂಬುಲೆನ್ಸ್ ಕರೆಸಿ, ದೊಡ್ಡ ಆಸ್ಪತ್ರೆಗೆ ಕಳಿಸಿದರು.

"ಮನೆಯ ಮರ್ಯಾದೆ ತೆಗೆದೆಯಲ್ಲ," ಎಂದರು ಮಾವ.

ಅವನ ಹೆಂಡತಿ ಸಂಜೆಯ ಹೊತ್ತಿಗೆ ಆ ಆಸ್ಪತ್ರೆಗೆ ಬಂದಳು. ದಹಿಸರ್‌ನ ಬಿಲ್ಡಿಂಗ್ ಒಂದರಲ್ಲಿ ಕಲ್ಲು ಹೊರುವವಳು, ತಲೆಯ ಸಿಂಬೆ ಇನ್ನೂ ಕೈಯಲ್ಲೇ ಇತ್ತು. ಯಾಕೆ ಇಳಿಸಿದಿರಿ ಎಂದು ಕೇಳಿದಳು.

"ದೀಪ ಉರೀತಿತ್ತಮ್ಮ. ನಾವು ನೋಡಿಯೇ ಇಳಿಸಿದ್ದು."

"ಹಂಗಾರ ನೀವ ಇಳೀಬೇಕಿತ್ತಲ್ರೀ."



ಅಷ್ಟರಲ್ಲಿ ನರ್ಸ್ ಬಂದು, ಅವನು ಕಣ್ಣು ಬಿಟ್ಟಿದ್ದಾನೆ, ಒಬ್ಬರು ಹೋಗಬಹುದು ಎಂದಳು. ಆಸ್ಪತ್ರೆಯಿಂದ ಸುದ್ದಿ ಹೋಗಿ ಬಂದಿದ್ದ ಪೊಲೀಸಿನವರು ಹೊರಗೆ ಅವನ ಹೇಳಿಕೆಗೆ ಕಾಯುತ್ತಿದ್ದರು. ಮಾವ ಎಲ್ಲರಿಗಿಂತ ಮೊದಲು ಎದ್ದರು. ಒಳಗೆ ಹೋಗಿ ಅವನಿಗೆ ಏನು ಹೇಳಿಕೊಡುತ್ತಾರೆಂದು ನನಗೆ ಗೊತ್ತಿತ್ತು: ಯಾರೂ ಇಳಿಸಲಿಲ್ಲ, ನಾನೇ ಜಾರಿ ಬಿದ್ದೆ ಅನ್ನು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಆಚೆ ಸರಿ. ನಾನು ನಿನ್ನ ಮಾವ."

"ಹೌದು, ಮಾವ. ಕೂತುಕೊಳ್ಳಿ."

ಅವನ ಹೆಂಡತಿ ನನ್ನ ತೋಳಿನ ಕೆಳಗಿಂದ ನುಸುಳಿ ಒಳಗೆ ಹೋದಳು.